ಬಳೆಚೂರು ಏಕೆ ಉದುರುತ್ತದೆ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಉದ್ಯಾನಗಳಲ್ಲಿ ‘ಕಸದಿಂದ ಕಲೆ’ ಎಂದು ಬಳೆ, ಪಿಂಗಾಣಿ ಚೂರು ಕೂರಿಸಿದ ಸಿಮೆಂಟಿನ ನವಿಲು, ಆನೆ ನಿಲ್ಲಿಸುವಾಗಲೆಲ್ಲ ಚಂಡೀಗಡದ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಅವರ ಹೆಸರೆತ್ತುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನವಿಲಿನ ಗರಿಯ ಚೂರುಗಳು ಹುಲ್ಲಿನ ಮೇಲಿರುತ್ತವೆ.

ನೇಕ್ ಚಂದ್ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷವನ್ನು ಸೈಕಲ್ಲಿನಲ್ಲಿ ಹೇರಿಕೊಂಡು ಬಂದು, ಸುಖ್ನಾ ಕೆರೆ ಬಳಿಯ ಕಾಡಿನ ಕೊರಕಲಲ್ಲಿ 1950ರ ದಶಕದ ಕೊನೆಯಿಂದ ಗುಟ್ಟಾಗಿ ದುಡಿದರು. ಅದು ಏನೂ ಕಟ್ಟಬಾರದ ಸರ್ಕಾರಿ ಜಾಗ. 1975ರ ಸುಮಾರಿಗೆ ಅಧಿಕಾರಿಗಳ ಕಣ್ಣಿಗೆ ಬೀಳುವಾಗ ಹಲವು ಎಕರೆ ತುಂಬಿತ್ತು. 1976ರಲ್ಲಿ ಅದು ಜನರಿಗೆ ತೆರೆಯಿತು. ಕಲೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಸರಿ. ಆದರೆ ರಸ್ತೆ ಕೆಲಸದವರಿಗೆ ಸಿಮೆಂಟಿನ ಗುಣ ಗೊತ್ತಿರುತ್ತದೆ. ನಮ್ಮಲ್ಲಿ ತಪ್ಪುತ್ತಿರುವುದು ಅಲ್ಲೇ.

ಒಳಗಿನ ಕಂಬಿ ಅಥವಾ ಹಳೆ ಸೈಕಲ್ ಚೌಕಟ್ಟಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಚಿಕನ್ ಮೆಶ್ (ತೆಳು ತಂತಿಯ ಬಲೆ) ಸುತ್ತಿ ಬೈಂಡಿಂಗ್ ವೈರಿನಲ್ಲಿ ಬಿಗಿಯಬೇಕು. ಕಂಬಿಯ ಮೇಲೆ ಎಲ್ಲೆಡೆ ಕನಿಷ್ಠ 20 ಮಿ.ಮೀ. ಗಾರೆ ಬೇಕು. ಕೊಕ್ಕು, ಕಿವಿ, ಬಾಲದ ತುದಿಯಲ್ಲಿ ಅಂದಕ್ಕಾಗಿ ತೆಳುಮಾಡುತ್ತಾರೆ. ನೀರು ಒಳಹೊಕ್ಕು ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಗಾರೆ ಸೀಳುತ್ತದೆ. ಚೂರು ಕೂರಿಸುವ ಪದರಕ್ಕೆ 1 ಪಾಲು ಸಿಮೆಂಟಿಗೆ 3 ಪಾಲು ಜರಡಿ ಹಿಡಿದ ಮರಳು. ಎಂ-ಸ್ಯಾಂಡಿನಲ್ಲಿ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಪುಡಿ ಹೆಚ್ಚಿದ್ದರೆ ಕೂದಲೆಳೆ ಬಿರುಕು ಖಚಿತ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಬಾಂಡ್ಲಿಯಲ್ಲಿ ಕಲಸಬೇಕು, ಬಿಗಿದ ಗಾರೆಗೆ ಮತ್ತೆ ನೀರು ಹುಯ್ಯಬಾರದು.

ಬಳೆಯ ಗಾಜು ನುಣುಪು, ಚಪ್ಪಟೆಯಾಗಿ ಅಂಟಿಸಿದರೆ ಗಾರೆಗೆ ಹಿಡಿತವೇ ಸಿಗದು. ಅಂಚನ್ನು ಒಳಗೆ ನಾಟಿ ಅರ್ಧಕ್ಕಿಂತ ಹೆಚ್ಚು ಹೂಳಬೇಕು. ಪಿಂಗಾಣಿ ಚೂರಿನ ಹಿಂಬದಿಗೆ ಸಿಮೆಂಟ್ ಹಾಲು (ನೀರಲ್ಲಿ ಕದಡಿದ ಸಿಮೆಂಟ್) ಸವರಿ ಒತ್ತಬೇಕು. ಆಮೇಲೆ ಒದ್ದೆ ಗೋಣಿ ಹೊದಿಸಿ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆಸಿದ) ಸಿಮೆಂಟಾದರೆ 10 ದಿನ ನೀರುಣಿಸಬೇಕು. ಉದ್ಘಾಟನೆಯ ದಿನಾಂಕ ಮೊದಲೇ ಗೊತ್ತಾಗಿರುವುದರಿಂದ ಕತ್ತರಿ ಬೀಳುವುದು ಇದಕ್ಕೇ!

ಚೂರು ಉದುರಿದ ಕಡೆ ಎನಾಮೆಲ್ ಬಣ್ಣ ಬಳಿದು ಮುಚ್ಚುವುದು ರಿಪೇರಿಯಲ್ಲ, ಒಳಗಿನ ತೇವ ಅಲ್ಲೇ ಉಳಿದು ತುಕ್ಕು ಮುಂದುವರಿಯುತ್ತದೆ. ಸಡಿಲ ಗಾರೆಯನ್ನು ಕಂಬಿ ಕಾಣುವವರೆಗೆ ಕೆತ್ತಿ, ತುಕ್ಕು ತೆಗೆದು, ಹೊಸದಾಗಿ ತುಂಬಬೇಕು. ಟೆಂಡರ್ ಕರೆಯುವವರು ಗೊಂಬೆಯ ಎತ್ತರದ ಜೊತೆಗೆ ಗಾರೆಯ ದಪ್ಪ ಮತ್ತು ನೀರುಣಿಸುವ ದಿನಗಳನ್ನೂ ಷರತ್ತಿನಲ್ಲಿ ಬರೆಯಲಿ.

– ಸಿಮೆಂಟ್ ಶಿಲ್ಪ ಕೆಲಸಗಾರರು, ಬೆಂಗಳೂರು