ಪ್ಲಾನ್ ಬದಲಿಸುವ ಮುನ್ನ ರೌಟರ್ ನೋಡಿ

ಮಾನ್ಯರೆ,

ನೆಟ್ ನಿಧಾನವಾಯಿತೆಂದರೆ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಪ್ಲಾನ್ ಬಿಟ್ಟು 300ಕ್ಕೆ ಏರುವುದು ಈಗ ರೂಢಿಯಾಗಿದೆ. ಪ್ರತಿ ತಿಂಗಳು ಹೆಚ್ಚು ದುಡ್ಡು ಕಟ್ಟಿದ ಮೇಲೂ ಒಳಕೋಣೆಯಲ್ಲಿ ಮಕ್ಕಳ ಆನ್‌ಲೈನ್ ಪಾಠ ಮೊದಲಿನಂತೆಯೇ ತಡವರಿಸುತ್ತದೆ. ಎಷ್ಟೋ ಮನೆಗಳಲ್ಲಿ ವೇಗ ಸೋರುವುದು ರೌಟರಿಗೂ ಮೊಬೈಲಿಗೂ ನಡುವಿನ ಗೋಡೆಗಳಲ್ಲಿ.

ಮೊದಲು ಲೆಕ್ಕ ಸರಿಯಿರಲಿ. ಪ್ಲಾನಿನಲ್ಲಿ ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ಸಾಮಾನ್ಯವಾಗಿ ತೋರಿಸುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100ರ ಪ್ಲಾನಿನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಆಸುಪಾಸು ಕಂಡರೆ ಮೋಸವೇನೂ ಆಗಿಲ್ಲ.

ನಂತರ ವೈ-ಫೈ ಬಿಟ್ಟು, ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಿಂದ ನೇರವಾಗಿ ರೌಟರಿಗೆ ಜೋಡಿಸಿ. ಉಳಿದ ಮೊಬೈಲ್, ಟಿವಿಗಳ ಸಂಪರ್ಕ ತಪ್ಪಿಸಿ, ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಹೀಗೆ ಮೂರು ದಿನ ಸ್ಪೀಡ್ ಟೆಸ್ಟ್ ಮಾಡಿ ಬರೆದಿಡಿ. ಎರಡೂ ಹೊತ್ತು ಪೂರ್ತಿ ವೇಗ ಬಂದರೆ ಲೈನ್ ಚೆನ್ನಾಗಿದೆ, ದೋಷ ಮನೆಯ ವೈ-ಫೈನದು. ರಾತ್ರಿ ಮಾತ್ರ ಕುಸಿದರೆ ಆ ಬಡಾವಣೆಯಲ್ಲಿ ಕಂಪನಿಯ ಜಾಲದ ಮೇಲೆ ಹೊರೆ ಹೆಚ್ಚಿರುವ ಸಾಧ್ಯತೆಯೇ ಹೆಚ್ಚು. ಮನೆಯಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ, ದೂರು ಕೊಡಬೇಕು. 300ರ ಪ್ಲಾನಿನಲ್ಲಿ ಯಾವ ಹೊತ್ತಿನಲ್ಲೂ 94ರ ಸುತ್ತಮುತ್ತ ನಿಂತುಬಿಟ್ಟರೆ ಬೇರೆಯೇ ಕಾರಣ: ರೌಟರಿನ ಅಥವಾ ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲಿನೊಳಗೆ ಒಂದು ತಂತಿ ತುಂಡಾಗಿದೆ. ಗಿಗಾಬಿಟ್ (ಸಾವಿರ ಎಂಬಿಪಿಎಸ್) ವೇಗಕ್ಕೆ ಕೇಬಲಿನ ಎಂಟೂ ತಂತಿಗಳು ಬೇಕು. ನಾಲ್ಕು ಮಾತ್ರ ಕೆಲಸ ಮಾಡಿದರೆ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಅಗ್ಗದ ಕೇಬಲಿನಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಮಾತ್ರ ಇರುತ್ತದೆ, ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ. ಶುದ್ಧ ತಾಮ್ರದ ಕ್ಯಾಟ್-6 ದರ್ಜೆಯ ಕೇಬಲ್ ಕೇಳಿ ತೆಗೆದುಕೊಳ್ಳಿ.

ವೈ-ಫೈನ ರೇಡಿಯೊ ಬ್ಯಾಂಡ್‌ಗಳಲ್ಲಿ 2.4 ಗಿಗಾಹರ್ಟ್ಸ್‌ನದು ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳದ್ದೆಲ್ಲ ಅದರಲ್ಲೇ ತುಂಬಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿ 40–50 ಎಂಬಿಪಿಎಸ್ ಸಿಕ್ಕರೆ ಹೆಚ್ಚು. ಇದರಲ್ಲಿ 1, 6, 11 ಈ ಮೂರು ಚಾನೆಲ್‌ಗಳು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ, ಖಾಲಿಯಿರುವುದನ್ನು ಆರಿಸಿ. 5 ಗಿಗಾಹರ್ಟ್ಸ್ ಬಲು ವೇಗ, ಆದರೆ ಎರಡು ಗೋಡೆಗೇ ಸೋಲುತ್ತದೆ. ಜಂಬಿಟ್ಟಿಗೆಯ ದಪ್ಪ ಗೋಡೆಯಾದರೆ ಒಂದೇ ಸಾಕು. ಆದ್ದರಿಂದ ರೌಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ, ಷೋಕೇಸಿನೊಳಗೆ ಇಡಬೇಡಿ. ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿರಲಿ. ಮಹಡಿಗೆ ನೆಟ್ ಬೇಕಾದರೆ ವೈ-ಫೈ ಸಂಕೇತವನ್ನು ಹಿಡಿದು ಮುಂದಕ್ಕೆ ದಾಟಿಸುವ ಸಾಮಾನ್ಯ ರಿಪೀಟರ್ ಬೇಡ. ಒಂದೇ ಬ್ಯಾಂಡಿನಲ್ಲಿ ಕೇಳಿ ಮತ್ತೆ ಹೇಳುವುದರಿಂದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಲ್ಯಾನ್ ಕೇಬಲ್ ಎಳೆದು ಮೇಲೊಂದು ಆಕ್ಸೆಸ್ ಪಾಯಿಂಟ್ (ಕೇಬಲಿನಿಂದ ಬಂದ ನೆಟ್ಟನ್ನು ವೈ-ಫೈ ಮಾಡಿ ಕೊಡುವ ಪೆಟ್ಟಿಗೆ) ಹಾಕಿ. ಕೇಬಲ್ 100 ಮೀಟರಿನವರೆಗಿದ್ದರೆ ಚಿಂತೆಯಿಲ್ಲ.

ಮನೆಗೆ ಬೆಳಕಿನ ರೂಪದಲ್ಲಿ ನೆಟ್ ತರುವ ಫೈಬರ್ ತಂತಿಯನ್ನು ಮಡಚಬೇಡಿ, ಬಾಗಿದಲ್ಲಿ ಬೆಳಕು ಸೋರುತ್ತದೆ. ಫೈಬರ್ ಬಂದು ಸೇರುವ ಪೆಟ್ಟಿಗೆಯ ಮೇಲೆ ಎಲ್‌ಓಎಸ್ (ಸಂಕೇತ ತಪ್ಪಿದೆ ಎನ್ನುವ) ದೀಪ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಕೆಲಸದವರು ಬಂದಾಗ ಬೆಳಕಿನ ಬಲವನ್ನು ಮೀಟರಿನಲ್ಲಿ ತೋರಿಸಲು ಹೇಳಿ. ಅದು ಮೈನಸ್ 27 ಡಿಬಿಎಂ (ಬೆಳಕಿನ ಬಲ ಅಳೆಯುವ ಮಾನ) ಹತ್ತಿರವಿದ್ದರೆ ಬೆಳಕು ತೀರಾ ಕ್ಷೀಣ, ಆಗಾಗ ಸಂಪರ್ಕ ಕಡಿಯುವ ಅಪಾಯವಿದೆ, ಕನೆಕ್ಟರ್ ಒರೆಸಿ ಜೋಡಣೆ ಹೊಸದಾಗಿ ಮಾಡಿಸಿ. ಬಿಚ್ಚಿದ ಫೈಬರ್ ತುದಿಗೆ ಕಣ್ಣಿಡಬಾರದು, ಒಳಗಿನ ಲೇಸರ್ ಬೆಳಕು ಕಾಣುವುದಿಲ್ಲ.

ಇನ್ನು ಕಂಪನಿಗಳ ಪಾಲಿನದು. 2023ರಿಂದ ನಮ್ಮಲ್ಲಿ 2 ಎಂಬಿಪಿಎಸ್ ಇದ್ದರೂ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತದೆ, ಹಾಗಾಗಿ ಆ ಹೆಸರೊಂದೇ ಸಾಲದು. ಡೇಟಾ ಮಿತಿ ಮುಗಿದ ಮೇಲಿನ ವೇಗವೆಷ್ಟು, ಅಪ್‌ಲೋಡ್ ಎಷ್ಟು, ಕೊಡುವ ರೌಟರಿನ ಪೋರ್ಟ್ 100ರದೋ ಸಾವಿರದ್ದೋ, ಈ ಮೂರನ್ನೂ ಅರ್ಜಿಯ ಮೊದಲ ಪುಟದಲ್ಲಿ, ಕನ್ನಡದಲ್ಲಿ, ಕಾಣುವ ಅಕ್ಷರದಲ್ಲಿ ಅಚ್ಚು ಹಾಕುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕಡ್ಡಾಯಗೊಳಿಸಬೇಕು. 300 ಎಂದು ಮಾರಿ 100ರ ಪೋರ್ಟಿನ ಪೆಟ್ಟಿಗೆ ಕೊಡುವುದು ನಿಲ್ಲಬೇಕು. ಗ್ರಾಹಕರು ದೂರು ಕೊಟ್ಟಾಗ ಡಾಕೆಟ್ ಸಂಖ್ಯೆ (ದೂರಿನ ನೋಂದಣಿ ಸಂಖ್ಯೆ) ಬರೆದಿಟ್ಟುಕೊಳ್ಳಲಿ; ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವಾಗ ಮೊದಲು ಕೇಳುವುದು ಅದನ್ನೇ.

– ನೆಟ್‌ವರ್ಕ್ ತಂತ್ರಜ್ಞರು, ಶಿವಮೊಗ್ಗ