‘ಬೇಡ’ ಅಂದವರಿಗೆಲ್ಲ ಥ್ಯಾಂಕ್ಸ್

ನಮ್ಮ ಸರ್ವಿಸ್ ಗಾಡಿ ರಸ್ತೆಗೆ ಇಳಿದು ಒಂದು ವರ್ಷ ಆಯಿತು. 2025ರ ಯುಗಾದಿ ಆದ ಮೂರನೇ ದಿನ ಕುಂಬಳಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಹೊಸಪೇಟೆಯಿಂದ ಹೊರಟಿದ್ದೆವು. ಅಕ್ಕನ ಮಗ ಬರೆದಿಡುವ ಡೈರಿಯಲ್ಲಿ ಇವತ್ತಿಗೆ 212 ಕೆಲಸ ಇವೆ. ಅದರಲ್ಲಿ ಒಂಬತ್ತರ ಮುಂದೆ ‘ಆಗಲಿಲ್ಲ’ ಅಂತ ಬರೆದಿದ್ದಾನೆ. ನಾನಾಗಿದ್ದರೆ ಬರೆಯುತ್ತಿರಲಿಲ್ಲವೇನೋ.

ಕೆಲಸ ಕೊಟ್ಟವರಿಗೆ, ಸಾಲ ಕೊಟ್ಟವರಿಗೆ ಅವತ್ತವತ್ತೇ ಥ್ಯಾಂಕ್ಸ್ ಹೇಳಿದ್ದೇನೆ. ಈ ಬರಹ ಬೇರೆಯವರಿಗೆ. ಗಾಡಿ ಕಟ್ಟುವಾಗ ನನ್ನ ಮುಖಕ್ಕೇ ‘ಬೇಡ’ ಅಂದವರಿಗೆ. ಅವತ್ತು ಅವರಲ್ಲಿ ಒಬ್ಬೊಬ್ಬರ ಮೇಲೂ ಸಿಟ್ಟು ಮಾಡಿಕೊಂಡಿದ್ದೆ.

ಸರ್ವಿಸ್ ಗಾಡಿ ಅಂದರೆ ಏನು ಅಂತ ಕೇಳುವವರು ಇದ್ದಾರೆ. 20 ಟನ್ನಿನ ಹಿಟಾಚಿ ಕ್ವಾರಿ ಒಳಗೆ ಕೆಟ್ಟು ನಿಂತರೆ ಅದನ್ನು ಗ್ಯಾರೇಜಿಗೆ ತಳ್ಳಿಕೊಂಡು ಬರೋಕೆ ಆಗುತ್ತಾ? ಗ್ಯಾರೇಜೇ ಅದರ ಹತ್ತಿರ ಹೋಗಬೇಕು. ಗಾಳಿ, ಕರೆಂಟು, ಎಣ್ಣೆ, ಗ್ರೀಸು, ವೆಲ್ಡಿಂಗು, ಪೈಪ್ ಒತ್ತುವ ಮಷೀನು, ಭಾರ ಎತ್ತುವ ಕ್ರೇನು ಎಲ್ಲ ಒಂದೇ ಲಾರಿ ಮೇಲೆ ಇರಬೇಕು. ಸಂಡೂರು, ತೋರಣಗಲ್ಲು, ಕೂಡ್ಲಿಗಿ ಕಡೆ ನಾವು ಮಾಡುವುದು ಇದೇ ಕೆಲಸ.

ನಾನು ಪಾನಾ ಹಿಡಿದಿದ್ದು ಅದಿರಿನ ಕಾಲದಲ್ಲಿ. ಆಗ ಹೊಸಪೇಟೆಯೂ ಬಳ್ಳಾರಿ ಜಿಲ್ಲೆಯೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು, ನಾವೂ ನಿಂತೆವು. ಆಮೇಲೆ ಕಾಲುವೆ ಕೆಲಸ, ರಸ್ತೆ ಕೆಲಸ, ಕಲ್ಲು ಕ್ವಾರಿ, ಸಿಕ್ಕಿದ ಕಡೆ ಹೋದೆ. ಕೊನೆಗೆ ಒಂದು ಹಳೇ ಪಿಕಪ್ ತಗೊಂಡು ಸ್ವಂತ ಕೆಲಸ ಶುರು ಮಾಡಿದೆ.

ಆ ಪಿಕಪ್ಪೇ ನನ್ನನ್ನು ಮಲಗಿಸಿದ್ದು. ತಪ್ಪು ಗಾಡಿಯದಲ್ಲ, ನನ್ನದು. 1,300 ಕೆಜಿ ಹೊರುವ ಗಾಡಿಗೆ 2 ಟನ್ ತುಂಬಿದ್ದೆ. ವೆಲ್ಡಿಂಗ್ ಜನರೇಟರ್, ಎರಡು ಬ್ಯಾರೆಲ್ ಎಣ್ಣೆ, ಗ್ಯಾಸ್ ಸಿಲಿಂಡರ್, ಟೂಲ್ ಪೆಟ್ಟಿಗೆ, ಮೇಲೆ ಎರಡು ಹಳೇ ರೋಲರ್. 2024ರ ಜೂನಿನಲ್ಲಿ ಒಂದು ಇಳಿಜಾರಿನ ತಿರುವಲ್ಲಿ ಹಿಂದಿನ ಪಟ್ಟಾ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿ, ಮುರಿದು ಗಾಡಿ ಎಡಕ್ಕೆ ಮಗುಚಿತು. ಎಡಗೈ ಎರಡು ಕಡೆ ಮುರಿಯಿತು. ಅಕ್ಕನ ಮಗನಿಗೆ ಬರೀ ತರಚು ಗಾಯ, ದೇವರು ದೊಡ್ಡವನು. ನಾಲ್ಕು ತಿಂಗಳು ಮನೆಯಲ್ಲಿ ಕೂತೆ.

ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾಗಲೇ, ಆಗಸ್ಟ್ 10ರ ರಾತ್ರಿ ನಮ್ಮೂರ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಊರಿಗೆ ಊರೇ ಅದೇ ಮಾತು. ನಾನು ಹಗಲೂ ರಾತ್ರಿ ಟಿವಿ ಮುಂದೆ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಆ ವಯಸ್ಸಿನಲ್ಲಿ ಡ್ಯಾಮಿನ ಮೇಲೆ ನಿಂತು, ಹರಿಯೋ ನೀರಿಗೇ ಗೇಟಿನ ಬದಲಿಗೆ ನಿಲ್ಲುವ ಉಕ್ಕಿನ ತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸಿಸಿದರು. ಒಂದೇ ವಾರದಲ್ಲಿ. ಎಲ್ಲರೂ ನೀರು ನೋಡುತ್ತಿದ್ದರು, ನಾನು ಕ್ರೇನಿನ ಕೊಕ್ಕೆ ನೋಡುತ್ತಿದ್ದೆ. ಎತ್ತೋದಕ್ಕೆ ಮುಂಚೆ ಅವರು ಎಷ್ಟು ಹೊತ್ತು ಬರೀ ಲೆಕ್ಕ ಹಾಕುತ್ತಾ ನಿಲ್ಲುತ್ತಿದ್ದರು ಅಂತ. ನಾನು ಆ ರೋಲರ್‌ಗಳನ್ನು ಪಿಕಪ್ಪಿಗೆ ಹಾಕುವಾಗ ಒಂದು ನಿಮಿಷವೂ ಲೆಕ್ಕ ಹಾಕಿರಲಿಲ್ಲ.

ಮೊದಲ ‘ಬೇಡ’ ಮನೆಯಿಂದಲೇ ಬಂತು. ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಬಂಗಾರ ಅಡ ಇಡೋಕೆ ಒಪ್ಪಿದಳು. ಅದರ ಮೇಲೆ ಫೈನಾನ್ಸ್‌ನವರ ಹತ್ತಿರ ಹೊಸ ಚಾಸಿ (ಬಾಡಿ ಕಟ್ಟದ ಬರೀ ಲಾರಿ) ತಗೊಳ್ಳೋಣ ಅಂದಿದ್ದಕ್ಕೆ ಮಾತ್ರ ಒಪ್ಪಲಿಲ್ಲ. “ಬಂಗಾರದ ಬಡ್ಡಿ ಒಂದು ಸಾಕ್ರೀ. ಕಂತಿನ ಗಾಡಿ ಬೇಡ” ಅಂದಳು. ಹಾಗಾಗಿ 2016ರ ಮಾಡೆಲ್, 11 ಟನ್ ಕ್ಲಾಸಿನ ಹಳೇ ಲಾರಿ ಹುಡುಕಿದೆವು. ಒಬ್ಬರೇ ಓನರ್, ಭತ್ತದ ಹೊಟ್ಟು ಹೊಡೆದ ಗಾಡಿ. ಹಗುರ ಲೋಡು ನೋಡಿ, ಪಟ್ಟಾಗಳು ಚೆನ್ನಾಗಿದ್ದವು.

ಇನ್ನು ಚಾಚಾ. ಇವರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾರೂ ಬೇಜಾರು ಮಾಡ್ಕೋಬೇಡಿ.

ನಲವತ್ತು ವರ್ಷದಿಂದ ಲಾರಿ ಬಾಡಿ ಕಟ್ಟುವ ಮೇಸ್ತ್ರಿ ಅವರು. ನಾನು ಹೋಗಿ, ಕ್ರೇನಿನ ಬುಡವನ್ನು ಸೀದಾ ಚಾಸಿಗೇ, ಅಂದರೆ ಲಾರಿಯ ಉಕ್ಕಿನ ಬೆನ್ನೆಲುಬಿಗೇ, ವೆಲ್ಡಿಂಗ್ ಮಾಡಿಬಿಡೋಣ ಅಂದೆ. ನಾನೇ ವೆಲ್ಡರ್ ಅಲ್ವಾ, ಕೂಲಿ ಉಳಿಯುತ್ತೆ ಅನ್ನೋ ಲೆಕ್ಕ. “ಚಾಸಿಗೆ ರಾಡ್ ಮುಟ್ಟಿಸೋದಾದ್ರೆ ಗಾಡಿ ತಗೊಂಡು ಹೋಗ್ಬಿಡು ಬೇಟಾ” ಅಂದರು. ತೂತಾದರೂ ಕೊರೆಯೋಣ ಅಂದೆ. “ಚಾನೆಲ್ಲಿನ ಹೊಟ್ಟೇಲಿ ಕಂಪನಿಯವರು ಬಿಟ್ಟಿರೋ ತೂತು ಇದಾವಲ್ಲ, ಅದರಲ್ಲಿ ಹಾಕ್ಕೋ. ತುಟಿಗೆ ಕೈ ಹಚ್ಚಬೇಡ.”

ಚಾನೆಲ್ ಅಂದರೆ ಚಾಸಿಯ ಉದ್ದದ ತೊಲೆ, ತುಟಿ ಅಂದರೆ ಅದರ ಮೇಲಿನ, ಕೆಳಗಿನ ಅಂಚು. ಲೋಡಿನ ಎಳೆತ, ಒತ್ತಡ ಎಲ್ಲ ಜಾಸ್ತಿ ಬೀಳುವುದು ಅಲ್ಲೇ. ಅಲ್ಲಿ ತೂತು ಬಿದ್ದರೆ, ಇಲ್ಲಾ ವೆಲ್ಡಿಂಗ್ ಕಾವಿಗೆ ಉಕ್ಕಿನ ಗುಣ ಕೆಟ್ಟರೆ, ಬಿರುಕು ಅಲ್ಲಿಂದಲೇ ಶುರು. ನಾನು ನಂಬಲಿಲ್ಲ. ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

ಹುಡುಗನ ಕೈಲಿ ಸೈಜುಗಲ್ಲು ತರಿಸಿದರು. ಬರೀ ಚಾಸಿ, ಮೇಲೆ ಏನೂ ಇಲ್ಲ. ಎಡಗಡೆಯ ಮುಂದಿನ ಮೂಲೆಯಿಂದ ಬಲಗಡೆಯ ಹಿಂದಿನ ಮೂಲೆಗೆ ಒಂದು ದಾರ, ಬಲದಿಂದ ಎಡಕ್ಕೆ ಇನ್ನೊಂದು. ಎರಡೂ ಬಿಗಿಯಾಗಿ ಕಟ್ಟಿದರು. ನಡುವೆ ಒಂದನ್ನೊಂದು ಮುಟ್ಟುತ್ತಿದ್ದವು. “ಈಗ ಒಂದು ಗಾಲಿ ಕಲ್ಲಿನ ಮೇಲೆ ಹತ್ತಿಸು” ಅಂದರು. ಹತ್ತಿಸಿ ಇಳಿದು ಬಂದು ನೋಡಿದರೆ, ಮುಟ್ಟುತ್ತಿದ್ದ ದಾರಗಳ ನಡುವೆ ನನ್ನ ಹೆಬ್ಬೆರಳು ತೂರುವಷ್ಟು ಸಂದು. ಇಪ್ಪತ್ತು ವರ್ಷ ಲಾರಿಗಳ ಕೆಳಗೆ ಮಲಗಿದ್ದೇನೆ. ಚಾಸಿ ಹೀಗೆ ತಿರುಚುತ್ತೆ ಅಂತ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. “ಇದು ತಿರುಚಲೇಬೇಕು. ನೀನು ಮೇಲೆ ಬಿಗಿಯಾಗಿ ಪೆಟ್ಟಿಗೆ ಕೂರಿಸಿದ್ರೆ ಎರಡರಲ್ಲಿ ಒಂದು ಒಡೆಯುತ್ತೆ” ಅಂದರು.

ಅದಕ್ಕೇ ನಮ್ಮ ಗಾಡಿಯಲ್ಲಿ ಚಾಸಿ ಮೇಲೆ ಬಾಡಿ ಹೊರುವ ಬೇರೆ ಸಬ್‌ಫ್ರೇಮ್ ಇದೆ. ಹಿಂದೆ ಕ್ರೇನ್ ಇರುವ ಕಡೆ ದಪ್ಪ ಪ್ಲೇಟು, ಬೋಲ್ಟು, ಅಲುಗಾಡುವ ಹಾಗಿಲ್ಲ. ಮಧ್ಯೆ ಯು ಬೋಲ್ಟ್. ಮುಂದೆ ಕ್ಯಾಬಿನ್ ಹತ್ತಿರ ಬೋಲ್ಟಿಗೆ ಸ್ಪ್ರಿಂಗ್ ಹಾಕಿದ್ದಾರೆ. ಚಾಸಿ ತಿರುಚಿದಾಗ ಅಲ್ಲಿ ಬಾಡಿ ಸ್ವಲ್ಪ ಎದ್ದು ಮತ್ತೆ ಕೂರುತ್ತದೆ. ಯು ಬೋಲ್ಟ್ ಬಿಗಿದಾಗ ಚಾನೆಲ್ಲಿನ ತುಟಿ ಒಳಕ್ಕೆ ಬಾಗಬಾರದು ಅಂತ ಒಳಗೆ ಮರದ ಗಟ್ಟಿ ತುಂಡು ಕೊಟ್ಟಿದ್ದಾರೆ. ಸೈಲೆನ್ಸರ್ ಹತ್ತಿರ ಮಾತ್ರ ಮರ ಅಲ್ಲ, ಕಬ್ಬಿಣ. “ಮರ ಹಾಕಿದ್ರೆ ಕಾವಿಗೆ ಸುಟ್ಟು ಬೋಲ್ಟ್ ಸಡಿಲ ಆಗುತ್ತೆ. ಆಮೇಲೆ ನನ್ನ ಹೆಸರು ಹೇಳ್ತೀಯ” ಅಂದರು. ಬಾಡಿಯ ವೆಲ್ಡಿಂಗ್ ಮಾಡುವಾಗಲೂ ದಿನಾ ಬೆಳಿಗ್ಗೆ ಬ್ಯಾಟರಿ ವೈರ್ ಬಿಚ್ಚಿದ್ದಾರಾ ಅಂತ ಅವರೇ ಬಗ್ಗಿ ನೋಡುತ್ತಿದ್ದರು.

ಕ್ರೇನಿನ ವಿಷಯಕ್ಕೆ ‘ಬೇಡ’ ಅಂದಿದ್ದು ನಮ್ಮ ಸೋದರಮಾವ. ಕ್ರೇನ್ ಆಪರೇಟರ್ ಆಗಿ ರಿಟೈರ್ ಆದವರು. ಶಿವಾಜಿನಗರದ ಗುಜರಿಯಲ್ಲಿ ದೊಡ್ಡದೊಂದು ಕ್ರೇನ್ ಅಗ್ಗಕ್ಕೆ ಸಿಗುತ್ತಿತ್ತು. “ದೊಡ್ಡ ಕ್ರೇನ್ ಬೇಡೋ. ಅದರ ತೂಕ ಹೊತ್ಕೊಂಡೇ ನಿನ್ನ ಗಾಡಿ ಸುಸ್ತಾಗುತ್ತೆ” ಅಂದರು. ಕೊನೆಗೆ ತಂದಿದ್ದು 3 ಟನ್-ಮೀಟರಿನ ಚಿಕ್ಕದು. ಮಾವ ಅಕ್ಕನ ಮಗನನ್ನು ಕೂರಿಸಿಕೊಂಡು ಪಾಠ ಮಾಡಿದರು. 1 ಮೀಟರ್ ದೂರದಲ್ಲಿ 3 ಟನ್ ಎತ್ತಿದರೆ 3 ಮೀಟರಿಗೆ ಚಾಚಿದಾಗ ಬರೀ 1 ಟನ್, ಬೂಮಿನ, ಅಂದರೆ ಕ್ರೇನಿನ ಕೈಯ, ತೂಕ ಕಳೆದರೆ ಇನ್ನೂ ಕಮ್ಮಿ. ಹುಡುಗ ಆ ಲೆಕ್ಕವನ್ನು ಬೂಮ್ ಮೇಲೇ ಬಣ್ಣದಲ್ಲಿ ಬರೆದಿದ್ದಾನೆ. ಜಾಕ್ ಕೆಳಗೆ ಇಡುವ ಮರದ ಹಲಗೆಗಳೂ ಮಾವನೇ ಕೊಟ್ಟಿದ್ದು. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನಲ್ಲಿ ಹಲಗೆ ಇಲ್ಲದೆ ಜಾಕ್ ಊರಿದರೆ ಅದು ಪಾತಾಳಕ್ಕೇ ಹೋಗುತ್ತದೆ.

ಲಾರಿ ತೂಗುವ ವೇಬ್ರಿಡ್ಜಿನ ಹುಡುಗನಿಗೂ ಒಂದು ದೊಡ್ಡ ನಮಸ್ಕಾರ. ರಾತ್ರಿ ಲಾರಿ ಕಮ್ಮಿ ಇದ್ದಾಗ ಮುಂದಿನ ಗಾಲಿ ಬೇರೆ, ಹಿಂದಿನ ಗಾಲಿ ಬೇರೆ, ಎಡಗಡೆ ಬೇರೆ, ಬಲಗಡೆ ಬೇರೆ ಅಂತ ನಾಲ್ಕು ಸಲ ತೂಗಿಕೊಟ್ಟ. ನಾನು ಆರು ಬ್ಯಾರೆಲ್ ಇಡುವ ಹಾಗೆ ಸ್ಟ್ಯಾಂಡ್ ಮಾಡಿಸಿದ್ದೆ. 210 ಲೀಟರಿನ ತುಂಬಿದ ಬ್ಯಾರೆಲ್ ಒಂದು ಸುಮಾರು 200 ಕೆಜಿ. ಚೀಟಿ ನೋಡಿ, “ಅಣ್ಣಾ, ನೀವು ರಿಪೇರಿಗೆ ಹೋಗ್ತೀರೋ, ಎಣ್ಣೆ ಮಾರೋಕೆ ಹೋಗ್ತೀರೋ?” ಅಂದ. ನಗು ಬಂತು, ಸಿಟ್ಟೂ ಬಂತು. ಮಾರನೇ ದಿನ ಮೂರು ಬ್ಯಾರೆಲ್ ಜಾಗ ಕತ್ತರಿಸಿ ತೆಗೆದೆ. ಈಗ ಒಂದು ಇಂಜಿನ್ ಆಯಿಲ್, ಒಂದು ಹೈಡ್ರಾಲಿಕ್, ಒಂದು ಗ್ರೀಸ್. ಎಣ್ಣೆ ಬ್ಯಾರೆಲ್‌ಗಳನ್ನು ಮಲಗಿಸಿ ಇಡುತ್ತೇವೆ. ನಿಲ್ಲಿಸಿಟ್ಟರೆ ಮುಚ್ಚಳದ ಸುತ್ತ ಮಳೆನೀರು ನಿಂತು ಮೆಲ್ಲಗೆ ಒಳಗೆ ಇಳಿಯುತ್ತದೆ.

ಆರ್‌ಟಿಓ ಇನ್‌ಸ್ಪೆಕ್ಟರ್ ಒಮ್ಮೆ ಗಾಡಿ ವಾಪಸ್ ಕಳಿಸಿದ್ದರು. ಬಾಡಿ ಬದಲಾಯಿಸಿದರೆ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು, ಅದನ್ನು ಮಾಡಿಸಿದ್ದೆ. ಆದರೆ ಹಿಂದೆ ಬೈಕು, ಕಾರು ಕೆಳಗೆ ನುಗ್ಗದ ಹಾಗೆ ಹಾಕುವ ಅಡ್ಡಗಂಬಿ ತುಂಬ ಮೇಲಿತ್ತು. “ಹೀಗೆ ಬೇಡ, ಇಳಿಸ್ಕೊಂಡು ಬನ್ನಿ” ಅಂದರು. ದಾರಿಯುದ್ದಕ್ಕೂ ಬೈಕೊಂಡು ಬಂದೆ. ಡಿಸೆಂಬರಿನಲ್ಲಿ ಮರಿಯಮ್ಮನಹಳ್ಳಿ ಹತ್ತಿರ ಒಂದು ಬೈಕ್ ಹಿಂದಿನಿಂದ ಗುದ್ದಿತು. ಬೈಕಿನ ಹುಡುಗ ಗಂಬಿಗೆ ತಾಗಿ ನಿಂತ. ಬೈಕಿನ ಹೆಡ್‌ಲೈಟ್ ಒಡೆದಿತ್ತು, ಅಷ್ಟೇ. ಸಾರ್, ಇದನ್ನು ಓದುತ್ತಿದ್ದರೆ, ನಾನು ಅವತ್ತು ಬೈದಿದ್ದೆಲ್ಲ ವಾಪಸ್.

ಟೂಲ್ ಇಡುವ ಗೋಡೆ ಮಾತ್ರ ಪೂರ್ತಿ ಹೆಂಡತಿಯ ಕೆಲಸ. ಮೊದಲ ವಾರದಲ್ಲೇ ಎರಡು ಪಾನಾ ಕ್ವಾರಿಯಲ್ಲಿ ಬಿಟ್ಟು ಬಂದಿದ್ದೆವು. ಅವಳು ಒಂದು ಭಾನುವಾರ ಎಲ್ಲ ಪಾನಾ, ಸುತ್ತಿಗೆ, ಪುಲ್ಲರ್ ಹಲಗೆ ಮೇಲೆ ಜೋಡಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಸುತ್ತಲೂ ಗೆರೆ ಎಳೆದಳು. ಆಮೇಲೆ ಒಳಗೆಲ್ಲ ಹಳದಿ ಬಣ್ಣ. ಈಗ ಹೊರಡುವಾಗ ಹಲಗೆ ಮೇಲೆ ಹಳದಿ ಕಂಡರೆ ಏನೋ ಬಿಟ್ಟಿದ್ದೇವೆ ಅಂತ. 36ರ ಪಾನಾದ ಜಾಗ ರವಿಕೆ ತೋಳಿನ ಹಾಗಿದೆ ಅಂತ ನಾನು ತಮಾಷೆ ಮಾಡಿದೆ. ಅವಳಿಗೆ ನಗು ಬರಲಿಲ್ಲ.

‘ಆಗಲಿಲ್ಲ’ ಒಂಬತ್ತರ ಜೊತೆ ಹತ್ತನೆಯದೂ ಸೇರುವುದರಲ್ಲಿತ್ತು. ಕೂಡ್ಲಿಗಿ ಹತ್ತಿರ ಒಂದು ಹಿಟಾಚಿಯ ಚೈನ್ ಬೋಲ್ಟ್ ಬಿಚ್ಚುತ್ತಿದ್ದಾಗ ನಮ್ಮ ಗಾಡಿಯ ಗಾಳಿ ಕಂಪ್ರೆಸರ್ ಬೆಲ್ಟ್ ಹರಿಯಿತು. ಸ್ಪೇರ್ ಇರಲಿಲ್ಲ. ಅರ್ಧ ಬಿಚ್ಚಿದ ಚೈನು, ನೆತ್ತಿ ಮೇಲೆ ಬಿಸಿಲು, ಸೈಟ್ ಸೂಪರ್‌ವೈಸರ್ ಗಳಿಗೆಗೊಮ್ಮೆ ವಾಚ್ ನೋಡೋದು. ನಾಚಿಕೆ ಬಿಟ್ಟು, ಇದೇ ಕೆಲಸ ಮಾಡುವ ಇನ್ನೊಬ್ಬ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಆದರೂ ಅವನು ತನ್ನ ಗಾಡಿಯ ಸ್ಪೇರ್ ಬೆಲ್ಟನ್ನೇ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ. ಎರಡೂವರೆ ಗಂಟೆಗೆ ಬೆಲ್ಟ್ ಕೈಗೆ ಬಂತು. ದುಡ್ಡು ಕೊಡೋಕೆ ಹೋದರೆ, “ದುಡ್ಡು ಬೇಡ, ಬೆಲ್ಟ್ ಕೊಡು” ಅಂದ. ಕೊಟ್ಟಿದ್ದೇನೆ ಗುರು, ಎರಡು.

ಆಪರೇಟರ್‌ಗಳಿಗೆ ಎಷ್ಟು ಹೇಳಿದರೂ ಸಾಲದು. ಒಂದು ಕ್ವಾರಿಯಲ್ಲಿ ಹಿಟಾಚಿಗೆ ಹೊಸ ಹೈಡ್ರಾಲಿಕ್ ಪೈಪ್ ಒತ್ತಿ ಹಾಕಿ, ಸ್ಟಾರ್ಟ್ ಮಾಡಿಸಿ, ಎಲ್ಲಿ ಲೀಕ್ ಇದೆ ಅಂತ ಕೈಯಲ್ಲಿ ಸವರೋಕೆ ಹೋದೆ. ಮೇಲಿಂದ ಆಪರೇಟರ್ ಅಣ್ಣ ಕಿರುಚಿದ. ಇಂಜಿನ್ ಆಫ್ ಮಾಡಿ ಕೆಳಗೆ ಇಳಿದು ಬಂದು ಬಿಸ್ಕತ್ತಿನ ರಟ್ಟು ಕೈಗೆ ಕೊಟ್ಟ. ಸೂಜಿಮೊನೆಯಷ್ಟು ತೂತಿನಿಂದ 250 ಬಾರ್‌ನಲ್ಲಿ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿಯಷ್ಟೇ ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಅವಸರ. ಈಗ ಪೈಪ್ ಮಷೀನಿನ ಪಕ್ಕದಲ್ಲಿ ಒಂದು ರಟ್ಟು ಯಾವಾಗಲೂ ಇರುತ್ತದೆ.

ಫೆಬ್ರವರಿಯಲ್ಲಿ ಬಂಗಾರ ಬಿಡಿಸಿದೆವು. ಸರ ಅವಳ ಕೊರಳಿಗೆ ಬಂತು, ಬಳೆ ಇನ್ನೂ ಬರಬೇಕು.

ಹೋದ ವಾರ ಚಾಚಾ ಹೇಳದೆ ಕೇಳದೆ ಮನೆ ಹತ್ತಿರ ಬಂದರು. ವರ್ಷ ಆಯ್ತಲ್ಲ, ಯು ಬೋಲ್ಟ್ ನೋಡಬೇಕು ಅಂದರು. ಆ ವಯಸ್ಸಿನಲ್ಲಿ ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಗಾಡಿ ಕೆಳಗೆ ತೂರಿದರು. ಎರಡು ನಟ್ ಅರ್ಧ ಸುತ್ತು ಬಿಗಿದರು. ಆಮೇಲೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. “ಈ ತೂತು ಯಾರು ಕೊರೆದಿದ್ದು?” ಅಂತ ಕೆಳಗಿಂದ ದನಿ ಬಂತು. ಅಕ್ಕನ ಮಗ ನೀರಿನ ಕ್ಯಾನ್ ಇಡೋಕೆ ಕ್ಲಾಂಪ್ ಹಾಕಿದ್ದ. “ಚಾಸಿಗಲ್ಲ ಚಾಚಾ, ಸಬ್‌ಫ್ರೇಮಿಗೆ” ಅಂದ, ಎರಡು ಹೆಜ್ಜೆ ಹಿಂದೆ ಸರಿದು. ಚಾಚಾ ಹೊರಗೆ ಬಂದು, ಬಟ್ಟೆ ಕೊಡವಿಕೊಂಡು, ಸಕ್ಕರೆ ಇಲ್ಲದ ಚಹಾ ಕುಡಿದು, ಕ್ಲಾಂಪ್ ಬಿಚ್ಚಿಸಿದ ಮೇಲೇ ಎದ್ದರು. ಕೂಲಿ ಕೊಟ್ಟರೆ ಬೇಡ ಅಂದರು. ನೀರಿನ ಕ್ಯಾನ್ ಈಗ ಕ್ಯಾಬಿನ್ ಒಳಗೆ, ಅಕ್ಕನ ಮಗನ ಕಾಲ ಹತ್ತಿರ ಇದೆ.