ಗೆಳೆಯನಿಗೊಂದು ಪತ್ರ: ಅಡಿಕೆ ಮರದ ಚಿಬ್ಬು

ಪ್ರಿಯ ಮೂರನೇ ಲೋಟದವನೇ,

ಹೆಸರು ಹಾಕಬೇಡ, ಆಫೀಸಿನವರು ಓದ್ತಾರೆ ಅಂದೆಯಲ್ಲ, ಅದಕ್ಕೆ ಹೀಗೆ ಕರೆದೆ. ಬೇರೆಯವರಿಗೆ ಅರ್ಥ ಆಗುವುದಿಲ್ಲ, ಬಿಡು. ಕುಂಬಳೆ ಸ್ಟೇಷನ್ನಿನ ಕೊಡೆ ಇನ್ನೂ ನನ್ನ ಹತ್ತಿರವೇ ಇದೆ. ಕೊಡುವುದಿಲ್ಲ.

ತೋಟ ಹೇಗಿದೆ ಅಂತ ಈ ಮಳೆಗಾಲದಲ್ಲಿ ನೀನು ಮೂರು ಸಲ ಕೇಳಿದೆ. ಮೂರು ಸಲವೂ ನಾನು ಹೆಬ್ಬೆರಳಿನ ಚಿತ್ರ ಕಳಿಸಿ ತಪ್ಪಿಸಿಕೊಂಡೆ. ಈಗ ಎಲ್ಲರೆದುರು ಹೇಳುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ನೀನು ಫೋನ್ ಮಾಡುತ್ತೀಯ. ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ.

ಕೆಳಗಿನ ತೋಟದ ಮರಗಳಿಗೆ ಚಿಬ್ಬು ಬಿದ್ದಿತ್ತು ಮಾರಾಯ. ಬುಡದಿಂದ ಎರಡಾಳೆತ್ತರದವರೆಗೂ ಬಿಳಿ, ಬೂದು, ಅಲ್ಲಲ್ಲಿ ತಿಳಿಹಸಿರು ಮಚ್ಚೆ. ಕಾಯಿ ಕೊಳೆಸುವ ಮಹಾಳಿ ರೋಗ ನೋಡಿದ್ದಾಯಿತು. ಹಳದಿ ರೋಗದ ಸುದ್ದಿ ಕೇಳಿದ್ದಾಯಿತು. ಈಗ ಎಲೆಚುಕ್ಕಿ. ಇದು ನಾಲ್ಕನೆಯದು ಅಂತ ನಾನೇ ತೀರ್ಪು ಕೊಟ್ಟಿದ್ದೆ. ಕೇರಳಕ್ಕೆ ಸೇರಿದ ನಮ್ಮ ಗಡಿನಾಡು ಕಾಸರಗೋಡಿನ ಪೆರ್ಲದ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಯೂ ಆಗಿತ್ತು.

ಆಚೆಮನೆಯ ಹುಡುಗಿ ಸಸ್ಯಶಾಸ್ತ್ರ ಓದುತ್ತಿದ್ದಾಳೆ, ರಜೆಯಲ್ಲಿ ಬಂದಿದ್ದಳು. ತೋರಿಸಿದೆ. ಅವಳು ನಕ್ಕಳು. ಬೆರಳುದ್ದದ ಲೆನ್ಸ್ ಒಂದನ್ನು ಕೈಗಿಟ್ಟು, "ಕಣ್ಣಿಗೆ ಒತ್ತಿ ಹಿಡಿದು ಮರದ ಹತ್ತಿರ ಹೋಗಿ ಮಾವ" ಅಂದಳು. ನಾನು ಅಡಿಕೆ ಮರವನ್ನು ಅಪ್ಪಿಕೊಂಡ ಹಾಗೆ ನಿಂತೆ. ಆ ಸಮಯಕ್ಕೆ ಸರಿಯಾಗಿ ಹಾಲಿನವನು ಬಂದ. ಊರಲ್ಲಿ ಇನ್ನು ಏನೇನು ಕಥೆ ಆಗುತ್ತದೋ.

ಆದರೆ ಒಳಗೆ ಕಂಡದ್ದು ಬೇರೆ. ಸುಣ್ಣ ಬಳಿದ ಗೋಡೆಯಂಥ ಹಾಸು. ಅದರ ಮೇಲೆ ಕಪ್ಪು ಗೀಟುಗಳು. ಕೆಲವು ನೆಟ್ಟಗೆ, ಕೆಲವು ಕೊಂಕಿ, ಕೆಲವು ಕವಲೊಡೆದು. ಯಾರೋ ನಿಬ್ಬಿನ ಪೆನ್ನಿನಲ್ಲಿ ಬರೆದು ಅರ್ಧಕ್ಕೇ ಎದ್ದು ಹೋದ ಹಾಗೆ. ಎರಡು ಮಚ್ಚೆ ಕೂಡುವಲ್ಲಿ ತೆಳ್ಳಗಿನ ಕಪ್ಪು ಗಡಿ, ನಮ್ಮ ಸರ್ವೆ ನಕ್ಷೆಗಿಂತ ಸ್ಪಷ್ಟ. ಈ ಜಾತಿಗೆ ಗ್ರಾಫಿಸ್ ಅಂತ ಹೆಸರಂತೆ, ಗ್ರೀಕಿನ ‘ಬರೆಯುವುದು’ ಅನ್ನುವ ಮಾತಿನಿಂದ ಬಂದದ್ದು. ಆ ಗೀಟುಗಳಲ್ಲೇ ಅದರ ಬೀಜಕಣ ಹುಟ್ಟುವುದು. "ಕನ್ನಡವಾ ಮಲಯಾಳವಾ?" ಅಂತ ಕೇಳಿದೆ. ಬಸ್ಸಿನ ಬೋರ್ಡಿಗೆ ಇವತ್ತಿಗೂ ಕಣ್ಣು ಕಿರಿದು ಮಾಡುವವನಲ್ವಾ ನಾನು.

ಇದು ರೋಗವೇ ಅಲ್ಲ. ಕಲ್ಲುಹೂವಿನ ಜಾತಿ. ಹೌದು, ಮಸಾಲೆ ಡಬ್ಬಿಯ ಅದೇ ಕಲ್ಲುಹೂವಿನ ದೂರದ ನೆಂಟ. ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು, "ಹಾಗಾದರೆ ಅಂಗಡಿಯಿಂದ ಯಾಕೆ ತರುವುದು?" ಅಂತ ಚಾಕು ಹಿಡಿದು ಹೊರಟರು. ತಡೆಯಲು ಸಾಕಾಯಿತು.

ಒಂದು ಶಿಲೀಂಧ್ರ, ಅದರೊಳಗೆ ಒಂದು ಪಾಚಿ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಅದಕ್ಕೆ ಮನೆ. ಮರದಿಂದ ಏನನ್ನೂ ಕೀಳುವುದಿಲ್ಲ, ಕೂರಲು ಜಾಗ ಸಿಕ್ಕಿದರೆ ಸಾಕು. ಹುಡುಗಿ ಹಲಸಿನ ಮರದ ಬೂದು ಎಲೆಯಂಥ ಕಲ್ಲುಹೂವಿಗೆ ಚೊಂಬಿನಿಂದ ಒಂದಿಷ್ಟು ನೀರು ಹಾಕಿದಳು. ನೋಡನೋಡುತ್ತಿದ್ದಂತೆ ಹಸಿರಾಯಿತು. ಒದ್ದೆಯಾದರೆ ಮೇಲಿನ ಪದರ ಪಾರದರ್ಶಕವಾಗಿ ಒಳಗಿನ ಪಾಚಿ ಕಾಣುತ್ತದಂತೆ. ಐವತ್ತು ವರ್ಷ ಆ ಹಲಸಿನ ಕೆಳಗೇ ಮುಖ ತೊಳೆದಿದ್ದೇನೆ. ಒಂದು ಸಲವೂ ನೋಡಿಲ್ಲ.

ಇದು ಎರಡು ಜೀವಿಗಳ ಸಂಸಾರ ಅಂತ 1867ರಲ್ಲಿ ಸ್ವಿಟ್ಜರ್ಲೆಂಡಿನ ಶ್ವೆಂಡೆನರ್ ಹೇಳಿದಾಗ ದೊಡ್ಡ ದೊಡ್ಡವರೇ ಒಪ್ಪಲಿಲ್ಲ. ಅವರಲ್ಲಿ ಫಿನ್ಲೆಂಡಿನ ನೈಲಾಂಡರ್ ಒಬ್ಬ. 1866ರಲ್ಲೇ ಪ್ಯಾರಿಸ್ಸಿನ ಒಂದು ಉದ್ಯಾನದಲ್ಲಿ ಇವುಗಳನ್ನು ಪಟ್ಟಿ ಮಾಡಿ, ಗಾಳಿ ಕೆಟ್ಟಲ್ಲಿ ಇವು ಬದುಕುವುದಿಲ್ಲ ಅಂದವನು. ಗಾಳಿಯನ್ನೇ ಓದಿದವನಿಗೆ ಕಣ್ಣೆದುರಿನ ಜೋಡಿಯನ್ನು ನಂಬಲಾಗಲಿಲ್ಲ. ಅವನ ಮೇಲೆ ನನಗೆ ಸ್ವಲ್ಪ ಪ್ರೀತಿ ಹುಟ್ಟಿದೆ. (ಈಗ ‘ನಾವು ಗಡಿಯವರೂ ಎರಡು ಸೇರಿ ಒಂದಾದ ಕಲ್ಲುಹೂವುಗಳೇ’ ಅಂತ ಬರೀತಾನೆ ಅಂತ ಕಾಯ್ತಿದ್ದೀಯಲ್ಲ? ಬರೆಯಲ್ಲ.)

ಇಷ್ಟಕ್ಕೇ ನಿಲ್ಲಿಸಬೇಕಿತ್ತು.

ರೋಗ ಅಲ್ಲ ಅಂದಾಗ ನನಗೆ ಖುಷಿ ಆಗಬೇಕಿತ್ತಲ್ವಾ? ಆಗಲಿಲ್ಲ. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಯಾಕೆ ಅಂತ ಆ ರಾತ್ರಿ ಗೊತ್ತಾಯಿತು. ಮರಗಳಿಗೆ ರೋಗ ಇರಲಿ ಅಂತಲೇ ನಾನು ಕಾಯುತ್ತಿದ್ದೆ. ಕೆಳಗಿನ ತೋಟ ಕೇಳಿಕೊಂಡು ಒಬ್ಬ ಬ್ರೋಕರ್ ಎರಡು ಸಲ ಬಂದು ಹೋಗಿದ್ದಾನೆ. ರೋಗ ಬಂತು, ಬೇರೆ ದಾರಿ ಇರಲಿಲ್ಲ ಅಂದರೆ ಅಮ್ಮನೂ ಒಪ್ಪುತ್ತಿದ್ದರು, ನೀನೂ ಒಪ್ಪುತ್ತಿದ್ದೆ. ಅಪ್ಪ ಇದ್ದಿದ್ದರೂ.

ಹುಡುಗಿ ಹೋಗುವಾಗ ಇನ್ನೊಂದು ಮಾತು ಹೇಳಿದಳು. "ಬೆಳಕು ಬಿದ್ದಲ್ಲಿ ಇದು ಜಾಸ್ತಿ ಬರುತ್ತದೆ ಮಾವ. ನಿಮ್ಮ ತೋಟದಲ್ಲಿ ಬಿಸಿಲು ಜಾಸ್ತಿಯಾಗಿದೆ, ಯಾಕೆ?" ಅವಳು ಸುಮ್ನೆ ಕೇಳಿದ್ದು. ಯಾಕೆ ಅಂತ ನನಗೆ ಗೊತ್ತು. ಅಪ್ಪ ಹೋದ ಮೇಲೆ ಬಿದ್ದ ಮರಗಳ ಜಾಗದಲ್ಲಿ ಒಂದು ಸಸಿಯನ್ನೂ ನಾನು ಇಟ್ಟಿಲ್ಲ. ಮೇಲೆ ನೋಡಿದರೆ ಆಕಾಶ ತೂತು ತೂತು. ಆ ತೂತಿನಿಂದ ಬಿದ್ದ ಬಿಸಿಲನ್ನು ನಂಬಿ ಇವು ವರ್ಷಕ್ಕೆ ಒಂದೋ ಎರಡೋ ಮಿಲಿಮೀಟರಿನಂತೆ ತೆವಳಿ ಹಬ್ಬಿವೆ. ಅಡಿಕೆ ಮರ ದಪ್ಪಗಾಗಿ ಸಿಪ್ಪೆ ಉದುರಿಸುವಂಥದ್ದಲ್ಲ, ಹತ್ತಿದ್ದು ಹತ್ತಿಯೇ ಇರುತ್ತದೆ. ಸೋಗೆ ಬಿದ್ದ ಉಂಗುರಗಳೂ ಹಾಗೇ ಇವೆ, ವರ್ಷಕ್ಕೆ ಆರೇಳು. ಎಣಿಸುತ್ತಾ ಹೋದರೆ ಅಪ್ಪ ಕೊನೆಯ ಸಲ ಅಡಿಕೆ ಗೊನೆ ತೆಗೆಸಿದ ವರ್ಷ ಸಿಗುತ್ತದೆ. ಎಣಿಸಲಿಲ್ಲ. ಎಣಿಸಲು ಶುರು ಮಾಡಿ ಬಿಟ್ಟೆ.

ಛೇ, ಇದನ್ನು ಅಳಿಸಬೇಕು. ಅಮ್ಮ ಇದನ್ನೆಲ್ಲ ಓದುವುದಿಲ್ಲ, ಆದರೆ ಸೋದರಮಾವ ಓದುತ್ತಾರೆ. ಮಾವ, ದಯವಿಟ್ಟು ಹೂವಿನ ಚಿತ್ರ ಹಾಕಿ ಮುಂದೆ ಹೋಗಿ.

ಲೆನ್ಸ್ ವಾಪಸ್ ಕೊಟ್ಟಿಲ್ಲ, ಕೊಡೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಬ್ರೋಕರನ ಫೋನ್ ನಿನ್ನೆ ಬಂದಿತ್ತು, ಎತ್ತಿಲ್ಲ. ಇದನ್ನು ದೊಡ್ಡ ನಿರ್ಧಾರ ಅಂದುಕೊಳ್ಳಬೇಡ, ಆಗ ಕೈಯೆಲ್ಲ ಕೆಸರಾಗಿತ್ತು. ಮಳೆ ಬಿಟ್ಟ ಹೊತ್ತಲ್ಲಿ ಒಂದು ಗುಂಡಿ ತೋಡಿದೆ, ಅಪ್ಪನ ಪಿಕಾಸಿಯಲ್ಲಿ. ಅರ್ಧಕ್ಕೆ ಸೊಂಟ ಹಿಡಿಯಿತು. ಸಸಿ ಇನ್ನೂ ತಂದಿಲ್ಲ. ಸದ್ಯಕ್ಕೆ ಅದರಲ್ಲಿ ನಾಯಿ ಮಲಗಿದೆ.

ಇಂತಿ,
ನಾಲ್ಕನೇ ಲೋಟದವನು